ಹಳೇ ತೊಟ್ಟಿಗೆ ಹೊಸ ಸಿಕ್ಲಿಡ್

ಕೇಳುಗರಿಗೆ ನಮಸ್ಕಾರ.

ಅಂಗಡಿಯಿಂದ ಸಿಕ್ಲಿಡ್ ಎಂಬ ಜಾತಿಯ ಚೆಂದದ ಹಳದಿ ಮೀನೊಂದನ್ನು ತರುತ್ತೀರಿ. ಸಂಜೆ ಮನೆಯ ಗಾಜಿನ ತೊಟ್ಟಿಗೆ ಬಿಡುತ್ತೀರಿ. ಬೆಳಗ್ಗೆ ನೋಡಿದರೆ ಅದರ ಬಾಲ ಹರಿದಿದೆ. ಫಿಲ್ಟರ್ ಹಿಂದಿನ ಮೂಲೆಯಲ್ಲಿ, ನೀರಿನ ಮೇಲ್ಮಟ್ಟಕ್ಕೆ ಅಂಟಿಕೊಂಡು ನಿಂತಿದೆ. ‘ಪಾಪದ ಮೀನು, ಸ್ವಲ್ಪ ದೊಡ್ಡದನ್ನ ತರಬೇಕಿತ್ತು’ ಅಂತ ಮನೆಯವರು ಹೇಳುತ್ತಾರೆ. ದೊಡ್ಡದನ್ನು ತಂದರೂ ಕಥೆ ಹೆಚ್ಚುಕಡಿಮೆ ಇದೇ. ಯಾಕೆಂದರೆ ಅಲ್ಲಿ ಜಗಳ ನಡೆಯುತ್ತಿರುವುದು ಜಾಗಕ್ಕಾಗಿ.

ಅಂಗಡಿಗಳಲ್ಲಿ ಸಿಗುವ ಬಣ್ಣಬಣ್ಣದ ಆಫ್ರಿಕನ್ ಸಿಕ್ಲಿಡ್‌ಗಳಲ್ಲಿ ಬಹಳಷ್ಟು ಮಲಾವಿ ಸರೋವರದ ಮೂಲದವು. ಅಲ್ಲಿನ ಬಂಡೆಗಳ ನಡುವೆ ಬದುಕುವ ಗುಂಪಿಗೆ ಎಂಬೂನಾ ಎನ್ನುತ್ತಾರೆ. ಗಂಡು ಮೀನು ಒಂದು ಬಂಡೆಯ ಸಂದನ್ನು ಹಿಡಿದುಕೊಳ್ಳುತ್ತದೆ. ಹೆಣ್ಣನ್ನು ಕರೆಯುವುದೂ ಅಲ್ಲಿಗೇ, ಪಾಚಿ ಮೇಯುವುದೂ ಅಲ್ಲೇ. ಬೇರೆ ಗಂಡು ಬಂದರೆ ಅಟ್ಟುತ್ತದೆ, ಸೋತವನು ಓಡಿಹೋಗುತ್ತಾನೆ. ಸರೋವರ ಐನೂರು ಕಿಲೋಮೀಟರಿಗೂ ಉದ್ದ, ಓಡಲು ಜಾಗಕ್ಕೇನು ಕೊರತೆ? ನಮ್ಮ ತೊಟ್ಟಿ ನಾಲ್ಕು ಅಡಿ. ಓಡಿದವನು ಗಾಜಿಗೆ ಡಿಕ್ಕಿ ಹೊಡೆದು ಮತ್ತೆ ಅದೇ ಯಜಮಾನನ ಕಣ್ಣಿಗೆ ಬೀಳುತ್ತಾನೆ. ಅಟ್ಟಾಟ ನಿಲ್ಲುವುದೇ ಇಲ್ಲ.

ಇನ್ನೊಂದು ಸಂಗತಿ ಇದೆ. ಕೆಲವು ಸಿಕ್ಲಿಡ್‌ಗಳಿಗೆ ಮುಖದ ಗುರುತು ಸಿಗುತ್ತದೆ! ಆಫ್ರಿಕಾದ್ದೇ ಆದ ಟಾಂಗನಿಕಾ ಸರೋವರದ ಒಂದು ಸಿಕ್ಲಿಡ್ ಜಾತಿಗೆ ಜಪಾನಿನ ಸಂಶೋಧಕರು ಮೀನುಗಳ ಚಿತ್ರ ತೋರಿಸಿ ಪರೀಕ್ಷಿಸಿದರು. 2015ರಲ್ಲಿ ಅದು ಪ್ರಕಟವಾಯಿತು. ಪರಿಚಯದ ಮುಖ ಕಂಡರೆ ಮೀನು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಅಪರಿಚಿತ ಮುಖವನ್ನು ಮಾತ್ರ ದೂರದಿಂದಲೇ ದಿಟ್ಟಿಸುತ್ತಿತ್ತು. ನಿಮ್ಮ ಹಳೇ ಮೀನುಗಳು ಪರಸ್ಪರ ಹೊಂದಿಕೊಂಡಿರುವುದಕ್ಕೂ, ಹೊಸಬನ ಮೇಲೆ ಮುಗಿಬೀಳುವುದಕ್ಕೂ ಇದು ಒಂದು ಕಾರಣ ಅನ್ನಿಸುತ್ತದೆ.

ಹಾಗಾಗಿ ಹೊಸ ಮೀನು ಬಿಡುವ ಮೊದಲು ತೊಟ್ಟಿಯ ಕಲ್ಲುಗಳನ್ನೆಲ್ಲ ಎತ್ತಿ ಬೇರೆ ಥರ ಜೋಡಿಸಿ. ಒಂದೆರಡನ್ನು ಸರಿಸಿದರೆ ಸಾಲದು. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದವರನ್ನೆಲ್ಲ ಇಳಿಸಿ ಬೇರೆ ಬಸ್ಸಿಗೆ ಹತ್ತಿಸಿದ ಹಾಗೆ ಆಗಬೇಕು. ಆಗ ಹಳಬರೂ ಹೊಸ ಜಾಗ ಹುಡುಕಬೇಕು, ಹೊಸಬನ ಕಡೆ ಗಮನ ಕಡಿಮೆ. ಕಲ್ಲನ್ನು ಮರಳಿನ ಮೇಲಲ್ಲ, ತಳದ ಮೇಲೇ ಗಟ್ಟಿಯಾಗಿ ಕೂರಿಸಿ. ಈ ಮೀನುಗಳು ಮರಳು ತೋಡುತ್ತವೆ, ಕಲ್ಲು ಉರುಳಿ ಗಾಜು ಒಡೆದೀತು. ಹಳೇ ಮೀನುಗಳಿಗೆ ಹೊಟ್ಟೆ ತುಂಬ ಊಟ ಹಾಕಿ, ಲೈಟ್ ಆರಿಸಿ, ಕತ್ತಲಲ್ಲಿ ಹೊಸದನ್ನು ಬಿಡಿ.

ಸಾಧ್ಯವಾದರೆ ಒಂದೇ ಮೀನು ತರಬೇಡಿ. ನಾಲ್ಕೈದನ್ನು ಒಟ್ಟಿಗೆ ಬಿಟ್ಟರೆ ಪೆಟ್ಟು ಹಂಚಿಹೋಗುತ್ತದೆ. ಎಂಬೂನಾ ಸಾಕುವವರು ತೊಟ್ಟಿಯನ್ನು ಬೇಕಂತಲೇ ಸ್ವಲ್ಪ ಜಾಸ್ತಿ ತುಂಬಿಸುವುದು ಇದಕ್ಕೇ. ಆದರೆ ಫಿಲ್ಟರ್ ಬಲವಾಗಿರಬೇಕು, ವಾರಕ್ಕೊಮ್ಮೆ ನೀರು ಬದಲಿಸಬೇಕು. ಸೋಮಾರಿಗಳಿಗೆ ಈ ಉಪಾಯ ಬೇಡ.

ಬಣ್ಣವನ್ನೂ ನೋಡಿಕೊಳ್ಳಿ. ತನ್ನಂತೆ ಕಾಣುವ ಗಂಡನ್ನು ಕಂಡರೆ ಇವಕ್ಕೆ ಸಿಟ್ಟು ಹೆಚ್ಚು. ಕೆನ್ಯಿ ಎಂಬ ಜಾತಿಯಲ್ಲಿ ಹೆಣ್ಣು ನೀಲಿ, ಬೆಳೆದ ಗಂಡು ಹಳದಿ. ಅದಿರುವ ತೊಟ್ಟಿಗೆ ಎಲೆಕ್ಟ್ರಿಕ್ ಯೆಲ್ಲೋ ಎಂಬ ಸಾಧು ಸ್ವಭಾವದ ಹಳದಿ ಮೀನನ್ನು ಬಿಟ್ಟರೆ ಕಷ್ಟ. ಔರಾಟಸ್ ಎಂಬ ಇನ್ನೊಂದು ಜಾತಿ ಮರಿ ಇರುವಾಗ ಹಳದಿ ಪಟ್ಟೆಗಳಲ್ಲಿ ತುಂಬ ಮುದ್ದಾಗಿರುತ್ತದೆ. ದೊಡ್ಡದಾದ ಗಂಡು ಇಡೀ ತೊಟ್ಟಿಗೆ ರೌಡಿ. ಅದನ್ನು ತರಲೇಬೇಡಿ ಎಂಬುದೇ ನನ್ನ ಸಲಹೆ.

ತಂದ ಮೀನನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಡಿ. ರೋಗ ಇದ್ದರೆ ಗೊತ್ತಾಗುತ್ತದೆ, ಮೈಯೂ ಸ್ವಲ್ಪ ತುಂಬಿಕೊಳ್ಳುತ್ತದೆ. ನೀರಿನ ವಿಷಯಕ್ಕೆ ಬಂದರೆ, ಮಲಾವಿ ಮೀನುಗಳಿಗೆ ಗಡಸು ನೀರೇ ಇಷ್ಟ. ಬೋರ್‌ವೆಲ್ ನೀರು ಅಂತ ಬೇಸರಪಡುವ ಬೆಂಗಳೂರಿನ ಮನೆಗಳಿಗೆ ಇದೊಂದು ಅನುಕೂಲ! ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಮರೆಯಬೇಡಿ.

ಬಿಟ್ಟ ಮೇಲೆ ಒಂದಿಷ್ಟು ಅಟ್ಟಾಟ ಇದ್ದೇ ಇರುತ್ತದೆ. ಹೊಸ ಮೀನು ಊಟಕ್ಕೆ ಬರುತ್ತಿದ್ದರೆ ಚಿಂತೆ ಬೇಡ. ಊಟ ಬಿಟ್ಟು ಮೇಲಿನ ಮೂಲೆ ಹಿಡಿದರೆ ತಡಮಾಡಬೇಡಿ. ಬಹಳ ಜನ ಆಗ ಪೆಟ್ಟು ತಿಂದ ಮೀನನ್ನೇ ಎತ್ತುತ್ತಾರೆ. ಅದಕ್ಕೆ ತೀರಾ ಗಾಯವಾಗಿಲ್ಲದಿದ್ದರೆ ಎತ್ತಬೇಕಾದ್ದು ಅಟ್ಟುತ್ತಿರುವ ರೌಡಿಯನ್ನು. ಅವನನ್ನು ಒಂದು ವಾರ ಹೊರಗಿಟ್ಟರೆ ಅವನ ಜಾಗ ಬೇರೆಯವರ ಪಾಲಾಗುತ್ತದೆ. ವಾಪಸ್ ಬಂದಾಗ ಅವನೇ ಹೊಸಬ ಆಗಿರುತ್ತಾನೆ, ಅಲ್ವಾ?

ಅದೂ ಫಲಿಸದಿದ್ದರೆ ಅಂಗಡಿಗೆ ವಾಪಸ್ ಕೊಡುವುದೊಂದೇ ದಾರಿ. ತಗೊಳ್ತಾರಾ ಅಂತ ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ. ಕೆರೆಗೆ ಮಾತ್ರ ಬಿಡಬೇಡಿ. ತಿಲಾಪಿಯಾ ಕೂಡ ಆಫ್ರಿಕಾದಿಂದ ಬಂದ ಸಿಕ್ಲಿಡ್ಡೇ. ನಮ್ಮ ಕೆರೆಗಳಲ್ಲಿ ಈಗ ಬಲೆ ಬೀಸಿದರೆ ಎಷ್ಟೋ ಕಡೆ ಮೊದಲು ಸಿಗುವುದು ಅದೇ.

ನಮಸ್ಕಾರ.