ಕೇಪ್‌ನಿಂದ ಕೈರೊಗೆ: ಹಾಕದೇ ಉಳಿದ ಹಳಿಯ ಲೆಕ್ಕ

ಎಲ್ಲರಿಗೂ ನಮಸ್ಕಾರ.

1877ರ ಜೂನ್ ತಿಂಗಳಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಸೆಸಿಲ್ ರೋಡ್ಸ್ ತನ್ನ ನಂಬಿಕೆಗಳನ್ನೆಲ್ಲ ಕಾಗದಕ್ಕಿಳಿಸಿದ. ಆಗಿನ್ನೂ ಅವನಿಗೆ 23 ವರ್ಷ. ಅದೇ ವರ್ಷ ಬರೆದ ಉಯಿಲಿನಲ್ಲಿ ತನ್ನ ಆಸ್ತಿ ಒಂದು ಗುಪ್ತ ಸಂಘಕ್ಕೆ ಸಲ್ಲಬೇಕೆಂದ. ಸಂಘದ ಕೆಲಸ ಬ್ರಿಟಿಷ್ ಆಳ್ವಿಕೆಯನ್ನು ಹಬ್ಬಿಸುವುದು. ಇಡೀ ಆಫ್ರಿಕಾ, ಯೂಫ್ರಟಿಸ್ ಕಣಿವೆ, ಸೈಪ್ರಸ್, ದಕ್ಷಿಣ ಅಮೆರಿಕ, ಮಲಯ ದ್ವೀಪಗಳು, ಚೀನಾ ಮತ್ತು ಜಪಾನಿನ ಕರಾವಳಿ ಎಲ್ಲವೂ ಪಟ್ಟಿಯಲ್ಲಿದ್ದವು. ಕಡೆಗೆ, ಕೈತಪ್ಪಿದ ಅಮೆರಿಕವನ್ನೂ ಮರಳಿ ಸಾಮ್ರಾಜ್ಯಕ್ಕೆ ಸೇರಿಸಬೇಕು! ಹುಡುಗಾಟದ ಬರಹ ಎಂದು ನಗಬಹುದಿತ್ತು. ಆದರೆ ಇದೇ ಹುಡುಗ ಮುಂದೆ 1888ರಲ್ಲಿ ಡಿ ಬೀರ್ಸ್ ಕಂಪನಿಯನ್ನು ಒಗ್ಗೂಡಿಸಿ ಕಿಂಬರ್ಲಿಯ ವಜ್ರದ ಗಣಿಗಳನ್ನು ಕೈಗೆ ತೆಗೆದುಕೊಂಡ. ಮರುವರ್ಷ ಬ್ರಿಟಿಷ್ ದಕ್ಷಿಣ ಆಫ್ರಿಕಾ ಕಂಪನಿಗೆ ರಾಣಿಯ ಸನ್ನದು ಪಡೆದ. 1890ರಲ್ಲಿ ಕೇಪ್ ವಸಾಹತಿನ ಪ್ರಧಾನಿಯೂ ಆದ.

ಅವನ ಕನಸುಗಳಲ್ಲಿ ಲೆಕ್ಕ ಹಾಕಿ ನೋಡಬಹುದಾದದ್ದು ಒಂದೇ, ಕೇಪ್‌ಟೌನ್‌ನಿಂದ ಕೈರೊವರೆಗಿನ ರೈಲು. ಪರ್ಯಾಯ ಇತಿಹಾಸ, ಅಂದರೆ ‘ಹೀಗಾಗಿದ್ದರೆ’ ಎಂಬ ಕಲ್ಪನೆಯ ಇತಿಹಾಸ, ಬರೆಯುವವರು ಸಾಮಾನ್ಯವಾಗಿ ಮೂರು ಕಡೆ ತಿರುವು ಕೊಡುತ್ತಾರೆ. 1894ರ ಮೇನಲ್ಲಿ ಕಾಂಗೊವನ್ನೂ ಆಳುತ್ತಿದ್ದ ಬೆಲ್ಜಿಯಂ ದೊರೆ ಲಿಯೊಪೋಲ್ಡ್ ಟ್ಯಾಂಗನಿಕಾ ಸರೋವರದ ಉತ್ತರಕ್ಕೆ 25 ಕಿ.ಮೀ. ಅಗಲದ ಪಟ್ಟಿಯೊಂದನ್ನು ಬ್ರಿಟನ್ನಿಗೆ ಗೇಣಿಗೆ ಕೊಡಲು ಒಪ್ಪಿದ್ದ. ಜರ್ಮನಿ ಗುಡುಗಿದ್ದರಿಂದ ಮರುತಿಂಗಳೇ ಆ ಕರಾರು ಬಿದ್ದುಹೋಯಿತು. ಅದು ಉಳಿದಿದ್ದರೆ? 1895ರ ಕೊನೆಯಲ್ಲಿ ರೋಡ್ಸ್‌ನ ಆಪ್ತ ಜೇಮ್ಸನ್ ಸುಮಾರು 500 ಸವಾರರೊಂದಿಗೆ ಬೋಯರರ ಗಣರಾಜ್ಯ ಟ್ರಾನ್ಸ್‌ವಾಲ್‌ಗೆ ನುಗ್ಗಿ ಸಿಕ್ಕಿಬಿದ್ದ. ರೋಡ್ಸ್ ಪ್ರಧಾನಿ ಪದವಿ ಕಳೆದುಕೊಂಡ. ಆ ದಾಳಿ ನಡೆಯದಿದ್ದರೆ? 1902ರಲ್ಲಿ, 48ನೇ ವಯಸ್ಸಿಗೇ, ಅವನು ಸಾಯದಿದ್ದರೆ?

ಮೂರೂ ದುರ್ಬಲ ತಿರುವುಗಳು ಎಂಬುದು ನನ್ನ ವಾದ. ಏಕೆಂದರೆ ಈ ಪ್ರಯೋಗವನ್ನು ಇತಿಹಾಸವೇ ಮಾಡಿ ಮುಗಿಸಿದೆ. ಮೊದಲ ಮಹಾಯುದ್ಧದ ನಂತರ ಜರ್ಮನ್ ಪೂರ್ವ ಆಫ್ರಿಕಾದ ಬಹುಪಾಲು ಟ್ಯಾಂಗನಿಕಾ ಎಂಬ ಹೆಸರಿನಲ್ಲಿ ಬ್ರಿಟನ್ನಿನ ಆಡಳಿತಕ್ಕೆ ಬಂತು. ದಕ್ಷಿಣ ಆಫ್ರಿಕಾ, ಎರಡು ರೊಡೇಷಿಯಾಗಳು (ಇಂದಿನ ಜಿಂಬಾಬ್ವೆ ಮತ್ತು ಜಾಂಬಿಯಾ), ಟ್ಯಾಂಗನಿಕಾ, ಕೀನ್ಯಾ, ಉಗಾಂಡ, ಸುಡಾನ್, ಈಜಿಪ್ಟ್: ನಕ್ಷೆಯಲ್ಲಿ ಬ್ರಿಟಿಷರ ಕೆಂಪು ಬಣ್ಣ ಎಲ್ಲೂ ತುಂಡಾಗಲಿಲ್ಲ. ಅಡ್ಡಿಯಾಗಿದ್ದ ಜರ್ಮನಿ ಜಾಗ ಖಾಲಿ ಮಾಡಿತ್ತು. ಆದರೂ ಹಳಿ ಕೂಡಲಿಲ್ಲ. ಹಾಗಾದರೆ ತೊಡಕು ಬೇರೆಲ್ಲೋ ಇತ್ತು.

ಮೊದಲ ತೊಡಕು ಸರಕಿನದು. ರೈಲು ಬದುಕುವುದು ಸರಕಿನಿಂದ, ಸರಕು ಹುಡುಕುವುದು ಹತ್ತಿರದ ಬಂದರನ್ನು. ಕೇಪ್‌ಟೌನ್‌ನಿಂದ ಹೊರಟ ಹಳಿ 1885ರಲ್ಲಿ ಕಿಂಬರ್ಲಿ, 1894ರಲ್ಲಿ ಮಾಫೆಕಿಂಗ್, 1897ರಲ್ಲಿ ಬುಲವಾಯೊ ಮುಟ್ಟಿತು. ಕೊನೆಯ ತುಂಡಿಗೆ ಅಷ್ಟು ಅವಸರವಾದದ್ದಕ್ಕೆ ಒಂದು ಕಾರಣ ದನಗಳ ಪ್ಲೇಗು. 1896ರಲ್ಲಿ ಆ ರೋಗ ಎತ್ತುಗಳನ್ನು ಬಲಿ ತೆಗೆದುಕೊಂಡು, ಬಂಡಿ ಸಾಗಾಟವೇ ನಿಂತಿತ್ತು. ಬುಲವಾಯೊದಿಂದ ಕೇಪ್‌ಟೌನಿಗೆ ಸುಮಾರು 2,190 ಕಿ.ಮೀ. ಅದೇ ಬುಲವಾಯೊದಿಂದ ಸಾಲಿಸ್ಬರಿ (ಇಂದಿನ ಹರಾರೆ) ಮೇಲೆ ಪೋರ್ಚುಗೀಸರ ಬೈರಾ ಬಂದರಿಗೆ ಅದರ ಅರ್ಧದಷ್ಟು ದೂರ. 1902ರಲ್ಲಿ ಆ ಹಾದಿ ತೆರೆದ ಮೇಲೆ, ಇನ್ನೂ ಒಳನಾಡಿನಲ್ಲಿದ್ದ ತಾಮ್ರವನ್ನು ಕೇಪ್‌ಟೌನಿಗೆ ಎಳೆಯುವ ಅಗತ್ಯ ಯಾರಿಗಿತ್ತು? ಕಾಂಗೊದ ದಕ್ಷಿಣ ತುದಿಯ ಕಟಾಂಗದ ತಾಮ್ರ ಬೈರಾಕ್ಕೆ ಹೋಯಿತು. ಆಮೇಲೆ ಅಟ್ಲಾಂಟಿಕ್ ತೀರದ ಲೊಬಿಟೊಗೆ. ಕೈರೊ ಕಡೆಗೆ ಒಂದು ಟನ್ನೂ ಹೊರಡುವ ಕಾರಣವಿರಲಿಲ್ಲ. ಕರಾವಳಿಗೆ ಸಮಾನಾಂತರವಾಗಿ ಓಡುವ 10,000 ಕಿ.ಮೀ. ಹಳಿಯನ್ನು ಪ್ರತಿ ಕೆಲವು ನೂರು ಕಿಲೊಮೀಟರಿಗೆ ಒಂದು ಅಡ್ಡಹಳಿ ಸಮುದ್ರದ ಕಡೆ ಬಸಿದುಬಿಡುತ್ತದೆ.

ಪ್ರಯಾಣಿಕರೋ? ಗಂಟೆಗೆ 25 ಕಿ.ಮೀ. ಸರಾಸರಿ ಹಿಡಿದರೂ 400 ಗಂಟೆ, ಅಂದರೆ ಎಲ್ಲೂ ನಿಲ್ಲದೆ 17 ದಿನ. ಆ ಕಾಲದ ಅಂಚೆ ಹಡಗು ಸೌತಾಂಪ್ಟನ್ನಿನಿಂದ ಕೇಪ್‌ಟೌನಿಗೆ ಬರಲು ಹೆಚ್ಚುಕಡಿಮೆ ಅಷ್ಟೇ ದಿನ ಹಿಡಿಯುತ್ತಿತ್ತು. ಧೂಳಿಲ್ಲ, ಗಾಡಿ ಬದಲಿಸುವ ಕಾಟವಿಲ್ಲ.

ಗಾಡಿ ಬದಲಿಸುವ ಮಾತಿಗೆ ಬಂದರೆ, ಎರಡನೇ ತೊಡಕು ಗೇಜ್, ಅಂದರೆ ಎರಡು ಕಂಬಿಗಳ ನಡುವಿನ ಅಂತರ. ಕೇಪ್ ಹಳಿಯ ಅಗಲ 1,067 ಮಿ.ಮೀ. 1897ರಲ್ಲಿ ಬ್ರಿಟಿಷ್ ಸೇನಾಪತಿ ಕಿಚನರ್ ಸುಡಾನಿನ ಮರುಭೂಮಿಯಲ್ಲಿ ಹಳಿ ಹಾಕಿಸುವಾಗಲೂ ಇದನ್ನೇ ಆರಿಸಿದ. ದಕ್ಷಿಣಕ್ಕಾಗಿ ತಯಾರಾಗಿದ್ದ ಇಂಜಿನ್ನುಗಳನ್ನು ರೋಡ್ಸ್ ಅವನಿಗೆ ಬಿಟ್ಟುಕೊಟ್ಟಿದ್ದ. ಈ ಒಂದು ಜಾಗದಲ್ಲಿ ಕನಸು ಮತ್ತು ಕಬ್ಬಿಣ ಸರಿಹೊಂದಿದವು. ಆದರೆ ಕೈರೊದ ಮುಖ್ಯಹಳಿ 1,435 ಮಿ.ಮೀ. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರಕ್ಕೆ 1896ರಿಂದ 1901ರವರೆಗೆ ಕಟ್ಟಿದ ಉಗಾಂಡ ರೈಲು ಮೀಟರ್ ಗೇಜ್. ನಮ್ಮ ಬೆಂಗಳೂರು–ಮೈಸೂರು ಹಾದಿಯಲ್ಲಿ ಬಹುಕಾಲ ಇದ್ದ ಅಗಲವೇ ಅದು. ಅಲ್ಲಿಗೆ ಆಳು, ಸಾಮಾನು, ಅನುಭವ ಎಲ್ಲ ಹೋದದ್ದು ಭಾರತದಿಂದ. 30 ಸಾವಿರಕ್ಕೂ ಹೆಚ್ಚು ಭಾರತೀಯ ಕೂಲಿಗಳಲ್ಲಿ ಸುಮಾರು 2,500 ಮಂದಿ ಅಲ್ಲೇ ಸತ್ತರು. ಜರ್ಮನರ ಹಳಿಯೂ ಮೀಟರ್ ಗೇಜ್. ಬೈರಾದಲ್ಲಂತೂ ದುಡ್ಡು ಉಳಿಸಲು ಮೊದಲು 610 ಮಿ.ಮೀ. ಹಾಕಿ, 1900ರಲ್ಲಿ ಕಿತ್ತು ಅಗಲ ಮಾಡಬೇಕಾಯಿತು.

ಗೇಜ್ ಬದಲಾಗುವ ಕಡೆ ಏನಾಗುತ್ತದೆಂದು ಒಂದು ಲೆಕ್ಕ ಹಾಕೋಣ. 15 ಟನ್ನಿನ 20 ವ್ಯಾಗನ್, ಒಟ್ಟು 300 ಟನ್. 90 ಕಿಲೊ ಚೀಲವಾದರೆ 3,300ಕ್ಕೂ ಹೆಚ್ಚು ಚೀಲ, ಒಂದೊಂದನ್ನೂ ಇಳಿಸಿ ಮತ್ತೆ ಏರಿಸಬೇಕು. ನಡುವೆ ಸರೋವರದ ಸ್ಟೀಮರ್ ಇದ್ದರೆ ಇನ್ನೆರಡು ಸಲ. ಪ್ರತಿ ಸಲವೂ ಕೂಲಿ, ಕಳವು, ಮಳೆಗೆ ನೆನೆದ ಮಾಲು. ಜೊತೆಗೆ, ಎದುರು ಬದಿಯಲ್ಲಿ ಖಾಲಿ ವ್ಯಾಗನ್ ಇಲ್ಲದಿದ್ದರೆ ಎಲ್ಲವೂ ಪ್ಲಾಟ್‌ಫಾರಂನಲ್ಲೇ ಕೊಳೆಯುತ್ತದೆ.

ನೆಲದ ತೊಡಕನ್ನು ಬೇಗ ಹೇಳಿಬಿಡುತ್ತೇನೆ. ಮರದ ಸ್ಲೀಪರ್ ಗೆದ್ದಲಿಗೆ ಆಹಾರ, ಹಾಗಾಗಿ ಬಹಳ ಕಡೆ ಉಕ್ಕಿನದೇ ಬೇಕು. ಹಾದಿ ವಿಕ್ಟೋರಿಯಾ ಜಲಪಾತದ ಕಡೆ ತಿರುಗಿದ್ದು ಸೊಬಗಿಗಲ್ಲ, ವಾಂಕಿಯ ಕಲ್ಲಿದ್ದಲಿಗೆ. ಜಲಪಾತದ ತುಂತುರು ಗಾಡಿಗೆ ತಾಗಬೇಕೆಂಬ ರೋಡ್ಸ್‌ನ ಆಸೆಯಂತೆ 1905ರಲ್ಲಿ ತೆರೆದ ಸೇತುವೆಯ ಕಮಾನು 156 ಮೀಟರಿಗೂ ಉದ್ದ. ಅವನು ಅದನ್ನು ನೋಡಲಿಲ್ಲ. ಉತ್ತರದಲ್ಲಿ ಸುಡ್ ಎಂಬ ಜೌಗು, ಆಪುಹುಲ್ಲಿನ ನೀರುನಾಡು. ಅಲ್ಲಿ ಏರಿ ಹಾಕಿದರೆ ಕುಸಿಯುತ್ತದೆ, ಸುತ್ತಿಹೋದರೆ ನೂರಾರು ಕಿ.ಮೀ. ಹೆಚ್ಚುತ್ತದೆ.

ಹಣ? ರೋಡ್ಸ್‌ನ ಸನ್ನದು ಕಂಪನಿ 1889ರಿಂದ 1924ರವರೆಗೆ ಷೇರುದಾರರಿಗೆ ಒಂದು ಕಾಸಿನ ಲಾಭಾಂಶವನ್ನೂ ಕೊಡಲಿಲ್ಲ. ಬೆಲೆ ತೆತ್ತವರು ಬೇರೆಯವರು. 1888ರಲ್ಲಿ ಎನ್ಡೆಬೆಲೆ ದೊರೆ ಲೊಬೆಂಗುಲನಿಂದ ಗಣಿ ಹಕ್ಕು ಬರೆಸಿಕೊಂಡದ್ದು 1,000 ಬಂದೂಕು, ಒಂದು ಲಕ್ಷ ತೋಟೆ, ತಿಂಗಳಿಗೆ 100 ಪೌಂಡಿನ ಭರವಸೆಗೆ. ಐದು ವರ್ಷಕ್ಕೆ ಮ್ಯಾಕ್ಸಿಮ್ ಮೆಷಿನ್‌ಗನ್ನುಗಳು ಅವನ ರಾಜ್ಯವನ್ನೇ ಮುಗಿಸಿದವು. 1896ರಲ್ಲಿ ಎನ್ಡೆಬೆಲೆ ಮತ್ತು ಶೋನಾ ಜನ ಬಂಡೆದ್ದರು. ಖಾಲಿ ನಕ್ಷೆಯ ಮೇಲೆ ಗೆರೆ ಎಳೆಯುವ ಪರ್ಯಾಯ ಕಥೆಗಳಲ್ಲಿ ಇವರು ಕಾಣುವುದೇ ಇಲ್ಲ. ವಜ್ರದಲ್ಲಿ ಗಳಿಸಿದ್ದರ ಒಂದು ಪಾಲು ವಿದ್ಯಾರ್ಥಿವೇತನವಾಯಿತು. ರೋಡ್ಸ್‌ನ ಉಯಿಲಿನಲ್ಲಿ ಭಾರತಕ್ಕೆ ಜಾಗವಿರಲಿಲ್ಲ. ಆದರೂ 1960ರಲ್ಲಿ ನಮ್ಮ ಗಿರೀಶ ಕಾರ್ನಾಡರು ಆಕ್ಸ್‌ಫರ್ಡಿಗೆ ಹೋದದ್ದು ಅದೇ ವೇತನದ ಮೇಲೆ.

ಹಾಗಾದರೆ ಒಳ್ಳೆಯ ತಿರುವು ಯಾವುದು? ನಾನು ಆರಿಸುವುದು 1890ರ ನವೆಂಬರ್, ಕಟಾಂಗದ ಬುಂಕೆಯಾ. ಬ್ರಿಟಿಷರ ಪರವಾಗಿ ಆಲ್ಫ್ರೆಡ್ ಶಾರ್ಪ್ ಅಲ್ಲಿನ ದೊರೆ ಮ್ಸಿರಿಯ ಬಳಿ ಒಪ್ಪಂದಕ್ಕೆ ಹೋದ, ಮ್ಸಿರಿ ಒಪ್ಪಲಿಲ್ಲ. ಮರುವರ್ಷ ಡಿಸೆಂಬರಿನಲ್ಲಿ ಲಿಯೊಪೋಲ್ಡನ ದಂಡು ಮ್ಸಿರಿಯನ್ನು ಕೊಂದು ನಾಡನ್ನು ಕಾಂಗೊಗೆ ಸೇರಿಸಿತು. ಇಲ್ಲಿ ಬದಲಾಗಬೇಕಾದದ್ದು ಒಬ್ಬ ಮನುಷ್ಯನ ಒಂದು ಉತ್ತರ. ಮ್ಸಿರಿ ಒಪ್ಪಿದ್ದರೆ ತಾಮ್ರದ ಇಡೀ ಪಟ್ಟಿ ರೋಡ್ಸ್‌ನ ಕಂಪನಿಯದಾಗುತ್ತಿತ್ತು. ತಾಮ್ರ ಆಗಲೂ ಬೈರಾಕ್ಕೇ ಹೋಗುತ್ತಿತ್ತು, ಕೈರೊ ಹಳಿ ಆಗಲೂ ಕೂಡುತ್ತಿರಲಿಲ್ಲ. ಆದರೆ ಅದೇ ಕಟಾಂಗದ ಶಿಂಕೊಲೊಬ್ವೆಯಲ್ಲಿ 1915ರಲ್ಲಿ ಯುರೇನಿಯಂ ಸಿಕ್ಕಿತು. ಬೆಲ್ಜಿಯನ್ ಗಣಿ ಕಂಪನಿ 1940ರಲ್ಲಿ ಆ ಅದಿರಿನಲ್ಲಿ ಸುಮಾರು 1,200 ಟನ್ನನ್ನು ನ್ಯೂಯಾರ್ಕಿಗೆ ಸಾಗಿಸಿತು. 1942ರಲ್ಲಿ ಅಮೆರಿಕದ ಬಾಂಬ್ ಯೋಜನೆ ಅದನ್ನು ಕೊಂಡಿತು. ಗಣಿಯ ಒಡೆತನ ಲಂಡನ್ನಿನಲ್ಲಿದ್ದಿದ್ದರೆ, 1943ರ ಆಗಸ್ಟಿನಲ್ಲಿ ಕ್ವಿಬೆಕ್‌ನಲ್ಲಿ ಅಣುಬಾಂಬಿನ ಒಪ್ಪಂದಕ್ಕೆ ಚರ್ಚಿಲ್ ಅಮೆರಿಕದ ಮುಂದೆ ಕೂತಾಗ ಅದಿರು ಬ್ರಿಟನ್ನಿನ ಕೈಯಲ್ಲಿರುತ್ತಿತ್ತು. 1946ರಲ್ಲಿ ಅಮೆರಿಕ ಕಾನೂನು ಮಾಡಿ ಅಣು ರಹಸ್ಯದಿಂದ ಬ್ರಿಟನ್ನನ್ನು ಹೊರಗಿಟ್ಟಿತಲ್ಲ, ಅಷ್ಟು ಸುಲಭವಾಗಿ ಹಾಗೆ ಮಾಡಲು ಆಗುತ್ತಿತ್ತೇ ಎಂಬುದನ್ನು ಚರ್ಚೆಗೆ ಬಿಡುತ್ತೇನೆ.