ಯೋಚಿಸಿ ಸೋಲುವ ಸುಖ

ಎಲ್ಲರಿಗೂ ನಮಸ್ಕಾರ.

ವಿಡಿಯೋ ಗೇಮ್ ಅಂದರೆ ಚುರುಕು ಬೆರಳು, ಪಟಪಟ ಬಟನ್ ಒತ್ತುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನು ಹೇಳಹೊರಟಿರುವುದು ಸರದಿ ಪ್ರಕಾರ ಆಡುವ ಮಾಯಾಲೋಕದ ಯುದ್ಧದಾಟಗಳ ಬಗ್ಗೆ. ಇಲ್ಲಿ ನಿಮ್ಮ ಟರ್ನ್ ಬಂದಾಗ ಎಲ್ಲವೂ ನಿಂತು ಕಾಯುತ್ತದೆ. ಡ್ರ್ಯಾಗನ್ ಬಾಯಿ ತೆರೆದು ಎದುರಿಗೇ ಇದ್ದರೂ ನೀವು ಎದ್ದು ಹೋಗಿ ನೀರು ಕುಡಿದು ಬರಬಹುದು.

ಹಾಗಂತ ಇದು ಆರಾಮದ ಆಟ ಅಲ್ಲ. ಬೇಕಾದಷ್ಟು ಸಮಯ ಸಿಕ್ಕಿದ ಮೇಲೆ ನೆಪ ಹೇಳುವಂತಿಲ್ಲ. ಸೋತರೆ, ಚೆನ್ನಾಗಿ ಯೋಚಿಸಿಯೇ ಸೋತಿರುತ್ತೀರಿ. ನನ್ನ ಪ್ರಕಾರ ಸೆಳೆತ ಇರುವುದೇ ಅಲ್ಲಿ.

1999ರ ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3 ಎಂಬ ಆಟ ತೆಗೆದುಕೊಳ್ಳಿ. ಅದರ ಕಾಳಗದಲ್ಲಿ ಒಂದು ಸಣ್ಣ ನಿಯಮವಿದೆ. ಏಟು ತಿಂದ ಪಡೆ ಸಾಮಾನ್ಯವಾಗಿ ಒಂದು ಸುತ್ತಿನಲ್ಲಿ ಒಂದೇ ಸಲ ತಿರುಗಿ ಹೊಡೆಯುತ್ತದೆ. ಅದಕ್ಕೇ ಪಳಗಿದವರು ದೊಡ್ಡ ಪಡೆಯನ್ನು ಮೊದಲೇ ನುಗ್ಗಿಸುವುದಿಲ್ಲ. ಒಂದೇ ಒಂದು ಅಸ್ಥಿಪಂಜರವನ್ನು ಮುಂದೆ ಕಳಿಸುತ್ತಾರೆ. ಅದು ಪಾಪ, ಸುಮ್ನೆ ಹೋಗಿ ಕೆಣಕಿ ಸಾಯುತ್ತದೆ. ಶತ್ರುವಿನ ತಿರುಗೇಟು ಅಲ್ಲಿಗೆ ಖರ್ಚಾಯಿತು. ಹಿಂದೆಯೇ ಅಸಲಿ ಪಡೆ ಹೋಗಿ ಬಡಿದರೆ ಎದುರೇಟು ಇಲ್ಲ. ಹದ್ದಿನ ತಲೆ, ಸಿಂಹದ ಮೈ ಇರುವ ಗ್ರಿಫಿನ್ ಮಾತ್ರ ಎರಡು ಸಲ ತಿರುಗಿ ಹೊಡೆಯುತ್ತದೆ. ಅದಕ್ಕೆ ಎರಡು ಬಲಿ ಬೇಕು. ಒಂದು ಸಾಲಿನ ನಿಯಮ, ಅದರಿಂದ ಎಷ್ಟು ಕಿತಾಪತಿ ನೋಡಿ!

ಇದಕ್ಕೆಲ್ಲ ಮಾಯಾಲೋಕವೇ ಯಾಕೆ ಬೇಕು ಅಂತ ಕೇಳಬಹುದು. ನಿಯಮಗಳು ಬೇಗ ತಲೆಗೆ ಹೋಗುತ್ತವೆ, ಅದಕ್ಕೆ. ಬ್ಯಾಟಲ್ ಫಾರ್ ವೆಸ್ನಾತ್ ಎಂಬ ಉಚಿತ ಆಟದಲ್ಲಿ ಓರ್ಕ್ ಎಂಬ ರಾಕ್ಷಸರ ಏಟು ರಾತ್ರಿ ಶೇ. 25 ಜಾಸ್ತಿ, ಹಗಲು ಅಷ್ಟೇ ಕಡಿಮೆ. ಎಲ್ಫ್ ಎಂಬ ವನವಾಸಿಗಳು ಕಾಡಿನೊಳಗೆ ನಿಂತರೆ ಅವರಿಗೆ ಏಟು ತಾಗುವುದೇ ಕಷ್ಟ. ಇದನ್ನು ಬಾಯಿಪಾಠ ಮಾಡಬೇಕಿಲ್ಲ. ಕತ್ತಲಾದರೆ ರಾಕ್ಷಸರ ಬಲ ಹೆಚ್ಚುತ್ತದೆ ಅಂತ ಕಥೆ ಕೇಳಿದವರಿಗೆಲ್ಲ ಗೊತ್ತು, ಅಲ್ವಾ?

ಇನ್ನು ನಿದ್ದೆಗೆಡಿಸುವ ವಿಷಯ. ಹೀರೋಸ್‌ನಲ್ಲಿ ಒಂದು ಊರಲ್ಲಿ ದಿನಕ್ಕೆ ಒಂದೇ ಕಟ್ಟಡ ಕಟ್ಟಬಹುದು. ಊರಿನಲ್ಲಿ ಹೊಸ ಸೈನಿಕರು ಸಿಗುವುದು ವಾರದ ಮೊದಲ ದಿನ. ಆಟದಲ್ಲಿ ಈಗ ಏಳನೇ ದಿನ ಅಂದುಕೊಳ್ಳಿ. ಒಂದು ಟರ್ನ್ ಆಡಿದರೆ ಸೈನಿಕರು ಬರುತ್ತಾರೆ. ಅವರು ಬಂದರೆ ಪಕ್ಕದ ಚಿನ್ನದ ಗಣಿ ಹಿಡಿಯಬಹುದು. ಗಣಿ ಸಿಕ್ಕರೆ ಆ ದುಬಾರಿ ಕಟ್ಟಡ. ಯಾವ ಟರ್ನ್‌ನಲ್ಲಿ ಕಂಪ್ಯೂಟರ್ ಆಫ್ ಮಾಡುತ್ತೀರಿ?

ಕೊರತೆಯೂ ಇದೆ. ಅರ್ಧ ಮ್ಯಾಪ್ ಗೆದ್ದಾಗಲೇ ಫಲಿತಾಂಶ ಗೊತ್ತಾಗಿಬಿಡುತ್ತದೆ. ಉಳಿದದ್ದು ಬರೀ ಗುಡಿಸುವ ಕೆಲಸ. ನಾನಂತೂ ಅಲ್ಲಿಗೇ ಬಿಟ್ಟು ಹೊಸ ಮ್ಯಾಪ್ ಶುರು ಮಾಡುತ್ತೇನೆ.

1990ರಲ್ಲಿ ಶುರುವಾದ ಫೈರ್ ಎಂಬ್ಲಮ್ ಸರಣಿ ಇನ್ನೂ ಬಿಗಿ. ಕಾಳಗದಲ್ಲಿ ಸತ್ತ ಪಾತ್ರ ಮತ್ತೆ ಬರುವುದಿಲ್ಲ. ಈಚಿನ ಆಟಗಳಲ್ಲಿ ಈ ನಿಯಮವನ್ನು ಬೇಡ ಎನ್ನಬಹುದು. ಆದರೂ ಎಷ್ಟೋ ಜನ ಬೇಕು ಅಂತಲೇ ಇಟ್ಟುಕೊಳ್ಳುತ್ತಾರೆ. ಬಿಲ್ಲುಗಾರನನ್ನು ಒಂದು ಮನೆ ಜಾಸ್ತಿ ಮುಂದೆ ನಡೆಸಿ ಕಳೆದುಕೊಂಡರೆ, ಗೆಲ್ಲುವ ಹಂತದಲ್ಲಿದ್ದ ಆಟವನ್ನೇ ನಿಲ್ಲಿಸಿ ಮೊದಲಿನಿಂದ ಆಡುತ್ತಾರೆ. ಅಂಥವರು ಈ ಸಭೆಯಲ್ಲೂ ಇರಬೇಕು. ಪ್ರಶ್ನೆಗಳನ್ನು ಅವರಿಂದಲೇ ಶುರು ಮಾಡೋಣ.