ಕಾಲರ್ ಕೂರಿಸುವವರು ಬಾರದ ದಿನ

ಕೇಳುಗರೆ, ನಮಸ್ಕಾರ.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ಎಲ್ಲಿಯ ಗಾರ್ಮೆಂಟ್ಸ್ ಆದರೂ ಸರಿ, ಬೆಳಿಗ್ಗೆ ಒಂಬತ್ತಕ್ಕೆ ಸೂಪರ್‌ವೈಸರ್ ಮಾಡುವ ಮೊದಲ ಕೆಲಸ ಖಾಲಿ ಮೆಷಿನ್ ಎಣಿಸುವುದು. ನಾಲ್ಕು ಖಾಲಿ ಇದ್ದರೆ ‘ನಾಲ್ಕು ಆಬ್ಸೆಂಟ್’ ಎಂದು ಆಫೀಸಿಗೆ ವರದಿ ಹೋಗುತ್ತದೆ. ಈ ಸಂಖ್ಯೆಯಿಂದ ಹಾಜರಿ ಪುಸ್ತಕಕ್ಕೆ ಬಿಟ್ಟರೆ ಬೇರೆ ಯಾರಿಗೂ ಉಪಯೋಗವಿಲ್ಲ. ಜೇಬು ಹೊಲಿಯುವ ಇಬ್ಬರು ಬರದಿದ್ದರೂ ಅವರ ಮುಂದಿನವರಿಗೆ ಒಂದೆರಡು ಗಂಟೆಗಾಗುವಷ್ಟು ಬಂಡಲ್, ಅಂದರೆ ಜೇಬು ಹೊಲಿದಿಟ್ಟ ಬಟ್ಟೆಯ ಕಟ್ಟು, ಸಾಮಾನ್ಯವಾಗಿ ಸಿದ್ಧವಿರುತ್ತದೆ. ಕಾಲರ್ ಕೂರಿಸುವ ಒಬ್ಬರು ಬರದಿದ್ದರೆ ಹಾಗಲ್ಲ, ಒಬ್ಬೊಬ್ಬರು ಅಂಗಿಯ ಒಂದೊಂದು ಭಾಗ ಹೊಲಿದು ಮುಂದಕ್ಕೆ ದಾಟಿಸುವ ಇಡೀ ಲೈನ್ ಅಲ್ಲಿಗೇ ಬಂದು ನಿಲ್ಲುತ್ತದೆ.

ಒಂದು ಲೆಕ್ಕ ಹಾಕೋಣ. ಅಂಗಿ ಹೊಲಿಯುವ ಲೈನ್, 40 ಟೈಲರ್‌ಗಳು. ಒಂದು ಅಂಗಿಗೆ ಒಟ್ಟು ಹೊಲಿಗೆ ಸಮಯ 24 ನಿಮಿಷ ಎಂದಿಟ್ಟುಕೊಳ್ಳಿ. ದಿನಕ್ಕೆ 480 ನಿಮಿಷದ ದುಡಿಮೆ. 40ನ್ನು 480ರಿಂದ ಗುಣಿಸಿ 24ರಿಂದ ಭಾಗಿಸಿದರೆ 800 ಅಂಗಿ. ಇದು ಕಾಗದದ ಮೇಲಿನ ಅಂಗಿ. ಲೈನ್ ಶೇಕಡ 55ರ ದಕ್ಷತೆಯಲ್ಲಿ ನಡೆದರೆ ಕೈಗೆ ಸಿಗುವುದು 440, ಅಂದರೆ ಗಂಟೆಗೆ 55. ಕಾಲರ್ ಕೂರಿಸುವ ನುರಿತ ಕೈ ಗಂಟೆಗೆ ಅಷ್ಟನ್ನೇ ದಾಟಿಸುತ್ತದೆ. ಆ ಜಾಗಕ್ಕೆ ಯಾರನ್ನೋ ಎಬ್ಬಿಸಿ ಕೂರಿಸಿದಾಗ ಅವರ ಕೈಯಲ್ಲಿ 35 ಆಯಿತು ಅನ್ನಿ. ಲೈನಿನ ಉತ್ಪಾದನೆಯೂ ಅಂದು 35ಕ್ಕೆ ಇಳಿಯಿತು. ಎಂಟು ಗಂಟೆಗೆ 160 ಅಂಗಿ ಕಡಿಮೆ.

ಸಂಜೆ ಆಡಳಿತದವರಿಗೆ ಹೊಳೆಯುವ ದಾರಿ ಒಂದೇ: ಎರಡು ಗಂಟೆ ಓಟಿ, ಅಂದರೆ ಓವರ್‌ಟೈಮ್. ಕಾಲರ್‌ನಿಂದ ಹಿಡಿದು ಮುಂದಿನ ಕೆಲಸಗಳ 15 ಜನರನ್ನಷ್ಟೇ ನಿಲ್ಲಿಸಿಕೊಂಡರೂ ಅದು 30 ಗಂಟೆಯ ಕೆಲಸ. ಓಟಿಗೆ ದುಪ್ಪಟ್ಟು ಕೂಲಿ ಕೊಡಬೇಕಾದ್ದರಿಂದ 60 ಗಂಟೆಯ ಸಂಬಳ. ಬರುವುದೆಷ್ಟು? ಕಾಲರ್ ಮೆಷಿನ್ ಮೇಲಿರುವುದು ಬೆಳಗಿನಿಂದ ಇದ್ದ ಅದೇ ಹೊಸ ಕೈ, ಹಾಗಾಗಿ 70 ಅಂಗಿ. ಇನ್ನೂ 90 ಬಾಕಿ. ಈ ಕಗ್ಗಂಟಿಗೆ ಬದಲಾಗಿ ಕಾಲರ್ ಬಲ್ಲ ಒಬ್ಬ ಫ್ಲೋಟರ್, ಅಂದರೆ ಖಾಲಿಯಾದ ಮೆಷಿನ್ ಮೇಲೆ ಕೂರಲೆಂದೇ ಇಟ್ಟುಕೊಂಡ ಹೆಚ್ಚುವರಿ ಟೈಲರ್, ಇದ್ದಿದ್ದರೆ ಖರ್ಚು ಎಂಟು ಗಂಟೆಯ ಸಂಬಳ. ಆದರೂ ಫ್ಲೋಟರ್ ಎಂದರೆ ‘ಸುಮ್ಮನೆ ಕೂತ ಜನ’ ಎಂದು ಹೆಡ್‌ಕೌಂಟ್ ಕತ್ತರಿಸುವವರೇ ಹೆಚ್ಚು. ಓಟಿಯ ಖರ್ಚು ಬೇರೆ ಕಾಲಂನಲ್ಲಿ ಕೂತಿರುವುದರಿಂದ ಅದು ಅವರ ಕಣ್ಣಿಗೆ ಬೀಳುವುದಿಲ್ಲ.

ಕಾಲರ್ ಕೆಲಸ ಅಷ್ಟು ಕಷ್ಟವೇ ಎಂದು ಕೇಳಬಹುದು. ಅಂಗಿಯ ಕುತ್ತಿಗೆಯ ಸುತ್ತಳತೆ, ಕಾಲರ್ ಪಟ್ಟಿಯ ಉದ್ದ ಎರಡೂ ಕೂಡಬೇಕು. ನಡುವಿನ ನಾಚ್ (ಜೋಡಿಸುವ ಗುರುತಿಗೆ ಅಂಚಿನಲ್ಲಿ ಕತ್ತರಿಸಿದ ಸಣ್ಣ ಗೀಟು), ಎರಡು ಭುಜದ ನಾಚ್ ಸರಿಯಾಗಿ ಜೋಡಿಯಾಗಬೇಕು. ಕುತ್ತಿಗೆಯ ಬಟ್ಟೆ ಓರೆಯಾಗಿ ಕತ್ತರಿಸಿದ್ದಾದ್ದರಿಂದ ಎಳೆದರೆ ಹಿಗ್ಗುತ್ತದೆ. ಹೊಸಬರು ಅವಸರಕ್ಕೆ ಎಳೆದೇ ಎಳೆಯುತ್ತಾರೆ. ಆಗ ಬೆನ್ನ ಹಿಂದೆ ನೆರಿಗೆ ಬೀಳುತ್ತದೆ, ಮುಂಭಾಗದಲ್ಲಿ ಪಟ್ಟಿಯ ತುದಿ ಗುಂಡಿಪಟ್ಟಿಗೆ ಸರಿಯಾಗಿ ಕೂಡುವುದಿಲ್ಲ. ಇದು ಚೆಕ್ಕರ್ ಕೈಗೆ ಸಿಗುವಷ್ಟರಲ್ಲಿ ಮೂವತ್ತು ನಲವತ್ತು ಅಂಗಿ ಹಾಗೇ ಮುಂದೆ ಹೋಗಿರುತ್ತವೆ. ಬಿಚ್ಚಿ ಮತ್ತೆ ಹೊಲಿಯಲು ಮೊದಲು ಹೊಲಿದದ್ದಕ್ಕಿಂತ ಹಲವು ಪಟ್ಟು ಸಮಯ ಬೇಕು, ಬಟ್ಟೆಯಲ್ಲಿ ಸೂಜಿ ತೂತು ಉಳಿದರೆ ಆ ಪೀಸ್ ರಿಜೆಕ್ಟ್.

ಹಾಗಾದರೆ ಒಂಬತ್ತು ಗಂಟೆಗೆ ಮಾಡಬೇಕಾದ್ದೇನು? ಮೊದಲ ಹತ್ತು ನಿಮಿಷದಲ್ಲಿ ಯಾವ ಆಪರೇಷನ್, ಅಂದರೆ ಹೊಲಿಗೆಯ ಯಾವ ಹಂತ, ಖಾಲಿ ಎಂದು ಗುರುತಿಸಿ. ಕಾಲರ್, ತೋಳು ಜೋಡಣೆ, ಸೈಡ್ ಸೀಮ್, ಕಫ್, ಇವುಗಳಲ್ಲಿ ಒಂದಾಗಿದ್ದರೆ ಬಲ್ಲವರನ್ನು ಅಲ್ಲಿಗೆ ಕಳಿಸಿ, ಅವರ ಜಾಗಕ್ಕೆ ಫ್ಲೋಟರ್ ಕೂರಿಸಿ. ಇಬ್ಬರಿಗಿಂತ ಹೆಚ್ಚು ಜನರನ್ನು ಅದಲುಬದಲು ಮಾಡಬೇಡಿ. ಮೂರನೆಯವರನ್ನು ಎಬ್ಬಿಸಿದರೆ ಒಂದು ತೂತು ಮುಚ್ಚಲು ಮೂರು ತೂತು ಕೊರೆದಂತೆ. ಆ ಜಾಗಕ್ಕೆ ಮೊದಲ ಒಂದು ಗಂಟೆ 20ರ ಬಂಡಲನ್ನು 10 ಮಾಡಿ ಕೊಡಿ, ಮೊದಲ ಐದು ಪೀಸನ್ನು ಅಲ್ಲೇ ನಿಂತು ನೋಡಿ. ತಪ್ಪು ಐದರಲ್ಲಿ ಸಿಕ್ಕರೆ ಬಿಚ್ಚುವುದೂ ಐದೇ. ಇನ್ನು ಬೋರ್ಡಿನ ಮೇಲೆ ಗಂಟೆಗೆ 55 ಎಂದು ಬರೆದದ್ದನ್ನು ಅಳಿಸಿ 45 ಎಂದು ಬರೆಯಿರಿ. ಅಳಿಸಲು ಧೈರ್ಯ ಬೇಕು, ನಿಜ. ಅಳಿಸದಿದ್ದರೆ ಹತ್ತು ಗಂಟೆಯಿಂದಲೇ ಲೈನ್ ‘ಹಿಂದೆ’ ಬಿದ್ದಿರುತ್ತದೆ, ಹನ್ನೊಂದಕ್ಕೆ ಕೂಗಾಟ ಶುರುವಾಗುತ್ತದೆ.

ಬಲ್ಲವರು ಯಾರು ಎಂಬುದು ಸೂಪರ್‌ವೈಸರ್ ತಲೆಯಲ್ಲಷ್ಟೇ ಇದ್ದರೆ ಅವರೇ ರಜೆ ಹಾಕಿದ ದಿನ ಕಷ್ಟ. ಗೋಡೆಗೆ ಒಂದು ಪಟ್ಟಿ ಬೇಕು: ಅಡ್ಡ ಸಾಲಿನಲ್ಲಿ ಹೆಸರು, ಲಂಬ ಸಾಲಿನಲ್ಲಿ ಆಪರೇಷನ್. ‘ಬರುತ್ತೆ ಮೇಡಂ’ ಎಂಬ ಮಾತಿನ ಮೇಲೆ ಗುರುತು ಹಾಕಬೇಡಿ. ಇಪ್ಪತ್ತು ಪೀಸ್ ಹೊಲಿಸಿ, ಗಡಿಯಾರ ನೋಡಿ, ನುರಿತವರ ವೇಗದ ಮುಕ್ಕಾಲು ಭಾಗ ಮುಟ್ಟಿದರೆ ಮಾತ್ರ ಗುರುತು. ಕಷ್ಟದ ಪ್ರತಿ ಆಪರೇಷನ್‌ಗೂ ಮೂರು ಹೆಸರಿರಲಿ. ಇಬ್ಬರೇ ಇದ್ದು, ಇಬ್ಬರೂ ಒಂದೇ ಊರಿನವರಾದರೆ ಜಾತ್ರೆಯ ವಾರ ಇಬ್ಬರೂ ಹೋಗುತ್ತಾರೆ. ಗೈರುಹಾಜರಿ ಸರಾಸರಿ ಶೇಕಡ 10 ಇದ್ದರೆ 40ರ ಲೈನಿಗೆ ಮೂರೋ ನಾಲ್ಕೋ ಫ್ಲೋಟರ್ ಬೇಕು, ಅವರಿಗೆ ಕೌಶಲದ ಭತ್ಯೆಯೂ ಬೇಕು. ದಿನಕ್ಕೊಂದು ಮೆಷಿನ್, ದಿನಕ್ಕೊಂದು ಬೈಗುಳ ತಿನ್ನುವ ಕೆಲಸಕ್ಕೆ ಅದೇ ಸಂಬಳವಾದರೆ ಯಾರೂ ಒಪ್ಪುವುದಿಲ್ಲ. ಈ ಏರ್ಪಾಡು ಸಾಮಾನ್ಯವಾಗಿ ಕೆಡುವುದು ಮಾಲು ಕಳಿಸಬೇಕಾದ ಶಿಪ್‌ಮೆಂಟ್ ವಾರದಲ್ಲಿ. ‘ಈ ವಾರ ಮಾತ್ರ’ ಎಂದು ಫ್ಲೋಟರ್‌ಗಳನ್ನು ಮೆಷಿನ್‌ಗೆ ಕೂರಿಸುತ್ತಾರೆ, ಆಮೇಲೆ ಎಬ್ಬಿಸುವುದೇ ಇಲ್ಲ.

ಕೂಗಾಟದ ವಿಷಯಕ್ಕೆ ಬರೋಣ. ಬೈದ ಮೇಲೆ ಕೈ ಚುರುಕಾಗುತ್ತದೆ ಎಂಬ ನಂಬಿಕೆ ಫ್ಲೋರ್‌ನಲ್ಲಿ ಬೇರೂರಿದೆ. ಬೈದ ಅರ್ಧ ಗಂಟೆಯ ಪೀಸ್ ಎಣಿಸಿ, ಜೊತೆಗೆ ಅದೇ ಅರ್ಧ ಗಂಟೆಯ ಆಲ್ಟರ್ ಪೀಸನ್ನೂ (ಬಿಚ್ಚಿ ಸರಿಪಡಿಸಬೇಕಾದದ್ದನ್ನೂ) ಎಣಿಸಿ ನೋಡಿ. ಟಾಯ್ಲೆಟ್‌ಗೆ ಎದ್ದರೆ ಮಾತು ಬರುತ್ತದೆಂದು ನೀರೇ ಕುಡಿಯದೆ ಕೂರುವ ಹೆಂಗಸರಿದ್ದಾರೆ. ಅದರಿಂದ ಬರುವ ಉರಿಮೂತ್ರ, ತಲೆನೋವು ನಾಳೆಯ ಖಾಲಿ ಮೆಷಿನ್ ಆಗುತ್ತದೆ.

ಕೆಲಸ ಬಿಡುವುದಕ್ಕೂ ಫ್ಲೋರ್‌ನ ಲೆಕ್ಕವೇ ಬೇರೆ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗಿಳಿದರು, 19ರಂದೇ ಸರ್ಕಾರ ಆ ನಿಯಮ ಹಿಂದಕ್ಕೆ ಪಡೆಯಿತು. ಕಾಗದದ ಮೇಲೆ ಪಿಎಫ್ ಮುಪ್ಪಿನ ಹಣ. ಲೈನಿನಲ್ಲಿ ಅದು ಮಗಳ ಮದುವೆ, ಮನೆಯ ಲೀಸು, ಕೈಸಾಲ ತೀರಿಸುವ ಗಂಟು. ಕೆಲಸ ಬಿಟ್ಟು, ಹಣ ತೆಗೆದು, ಪಕ್ಕದ ಫ್ಯಾಕ್ಟರಿಗೆ ಸೇರುವವರಿದ್ದಾರೆ. ಹೋಗುವವರನ್ನು ‘ಯಾಕೆ ಬಿಡ್ತಿದ್ದೀಯಮ್ಮ’ ಎಂದು ಎಚ್‌ಆರ್‌ನವರು ಕೂರಿಸಿ ಕೇಳಿದರೆ ಇದು ಹೊರಬರುತ್ತದೆ. ಹಬ್ಬಕ್ಕೆ ಅಥವಾ ಜೂನ್‌ನ ಸ್ಕೂಲ್ ಫೀಸಿಗೆ ಸಣ್ಣ ಮುಂಗಡ ಕೊಟ್ಟು ಸಂಬಳದಲ್ಲಿ ಮುರಿದುಕೊಂಡರೆ, ಕೆಲವರಾದರೂ ಉಳಿಯುತ್ತಾರೆ. ಹೊಸಬರಿಗೆ ಕಾಲರ್ ಕಲಿಸುವ ಖರ್ಚಿಗಿಂತ ಅದು ಕಡಿಮೆಯೇ ಬೀಳುತ್ತದೆ.

ಇನ್ನೊಂದು ಸಣ್ಣ ಏರ್ಪಾಡಿದೆ, ಖರ್ಚು ಒಂದು ನೂರು ಪುಟದ ನೋಟ್‌ಬುಕ್ಕು. ಸಂಜೆ ಐದಕ್ಕೆ ಅದು ಲೈನ್ ಸುತ್ತಲಿ. ನಾಳೆ ಬರಲಾಗದವರು ಹೆಸರು ಬರೆಯಲಿ, ಕಾರಣ ಬೇಡ. ಈಗ ಆಗುತ್ತಿರುವುದೇನೆಂದರೆ, ಮುಂಚೆ ಹೇಳಿದವರಿಗೆ ಸಂಜೆಯೇ ಬೈಗುಳ, ಹೇಳದೆ ಉಳಿದವರಿಗೆ ಬಂದ ಮೇಲೆ ಬೈಗುಳ. ಎರಡನೆಯದರಲ್ಲಿ ರಜೆಯಾದರೂ ಸಿಕ್ಕಿರುತ್ತದೆ, ಆದ್ದರಿಂದ ಹೇಳುವುದಿಲ್ಲ. ತಿಂಗಳ ಕೊನೆಗೆ ಒಟ್ಟು ಗೈರುಹಾಜರಿಯಲ್ಲಿ ಎಷ್ಟು ಹಿಂದಿನ ಸಂಜೆಯೇ ಗೊತ್ತಾಗಿತ್ತು ಎಂದು ಎಣಿಸಿ. ಮೊದಲ ತಿಂಗಳು ಪುಸ್ತಕ ಬಹುತೇಕ ಖಾಲಿ ಇರುತ್ತದೆ. ಬರೆದ ಮೊದಲ ನಾಲ್ಕೈದು ಜನರಿಗೆ ಏನಾಯಿತು ಎಂದು ಲೈನ್ ನೋಡುತ್ತಿರುತ್ತದೆ. ಅವರಿಗೆ ಏನೂ ಆಗದಿದ್ದರೆ ಎರಡನೆಯ ತಿಂಗಳಿನಿಂದ ಹೆಸರು ಬೀಳತೊಡಗುತ್ತವೆ, ಫ್ಲೋಟರ್ ಯಾವ ಮೆಷಿನ್‌ಗೆ ಎಂಬ ನಿರ್ಧಾರವೂ ಹಿಂದಿನ ಸಂಜೆಯೇ ಮುಗಿದಿರುತ್ತದೆ.

ನಮಸ್ಕಾರ.